ಸೇತುವೆಯ ಮೇಲೆ ಮೊದಲ ಹೆಜ್ಜೆ

ನಮ್ಮ ಮೊಮ್ಮಗಳು ನಡೆದಳು! ಅದೂ ಎಲ್ಲಿ? ಊರೆಲ್ಲ ಫೋಟೋ ತೆಗೆಸಿಕೊಳ್ಳಲು ಹೋಗುವ ದೆಹಲಿಯ ಸಿಗ್ನೇಚರ್ ಸೇತುವೆಯ ಮೇಲೆ! ಇದನ್ನು ಇಡೀ ಲೋಕ ನಂಬಿತು, ನಮ್ಮ ಯಜಮಾನರೊಬ್ಬರನ್ನು ಬಿಟ್ಟು. ಸೂರ್ಯ ಪೂರ್ವಕ್ಕೇ ಹುಟ್ಟಿದನೋ ಇಲ್ಲವೋ ಎಂದು ದಿನಾ ಕಿಟಕಿಯಿಂದ ಇಣುಕಿ ಖಾತ್ರಿ ಮಾಡಿಕೊಳ್ಳುವ ಮನುಷ್ಯ ಅವರು.

ತಪ್ಪು ಅವರದಲ್ಲ, ಕೆಲಸದ್ದು. ಅರಸೀಕೆರೆ ಕಡೆ ರೈಲು ಹಳಿಯ ಗ್ಯಾಂಗ್‌ಮನ್ ಆಗಿದ್ದವರು. ಸುತ್ತಿಗೆಯಿಂದ ಹಳಿ ಬಡಿದು, ಸದ್ದು ಕೇಳಿ, ಎಲ್ಲಿ ಬಿರುಕು ಎಂದು ಅನುಮಾನಿಸುವುದಕ್ಕೇ ಸಂಬಳ ಪಡೆದವರು! ಕೆಲಸಕ್ಕೆ ನಿವೃತ್ತಿ ಸಿಕ್ಕಿತು, ಅನುಮಾನಕ್ಕೂ ಸಿಗಬೇಕಲ್ಲ?

ಮಗಳು ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಮನೆ ಗಾಜಿಯಾಬಾದಿನಲ್ಲಿ, ಹನ್ನೊಂದನೇ ಮಹಡಿ. ಮಗು ನೋಡಿಕೊಳ್ಳಲು ನಾವು ಬಂದು ವರ್ಷವಾಯಿತು. ಲಿಫ್ಟಿನಲ್ಲಿ ಇವರು ಮೊದಲು ನನ್ನನ್ನು ಕಳಿಸುತ್ತಾರೆ. ನಾನು ಸುಖವಾಗಿ ತಲುಪಿದೆನೆಂದು ಫೋನ್ ಮಾಡಿದರೆ ಆಮೇಲೆ ತಾವು ಹತ್ತುತ್ತಾರೆ. ಇಂಥ ಪ್ರೀತಿ ಯಾರಿಗುಂಟು! ತರಕಾರಿ ಭಯ್ಯಾ ಇಲ್ಲಿಯ ವಾಡಿಕೆಯಂತೆ ಒಂದು ಹಿಡಿ ಕೊತ್ತಂಬರಿ, ನಾಲ್ಕು ಹಸಿಮೆಣಸಿನಕಾಯಿ ಪುಕ್ಕಟೆ ಹಾಕಿದರೆ ಸಾಕು, ಮನೆಗೆ ಬಂದು ಒಂದೊಂದೇ ಟೊಮೇಟೊ ತಿರುವಿ ನೋಡುತ್ತಾರೆ. ಬಿಟ್ಟಿ ಕೊಟ್ಟನೆಂದರೆ ಕೊಳೆತದ್ದನ್ನು ಎಲ್ಲೋ ಸೇರಿಸಿದ್ದಾನೆ ಎಂದೇ ಅರ್ಥವಂತೆ.

ಮಗುವಿನ ವಿಷಯವಂತೂ ಕೇಳಲೇಬೇಡಿ. ಮನೆಯ ನುಣುಪು ಟೈಲ್ಸನ್ನು ಅವರು ನಂಬುವುದಿಲ್ಲ. ಹಾಗಾಗಿ ಮೊಮ್ಮಗಳು ಸದಾ ಅವರ ಕಂಕುಳಲ್ಲೇ. ಹದಿನೆಂಟು ತಿಂಗಳು ತುಂಬುತ್ತ ಬಂದರೂ ಅವಳು ಒಂದು ಹೆಜ್ಜೆ ಇಟ್ಟಿರಲಿಲ್ಲ. ಹದಿನೆಂಟು ತುಂಬುವವರೆಗೆ ಕಾಯೋಣ, ಆಮೇಲೆ ಪರೀಕ್ಷೆಗಳನ್ನು ಮಾಡಿಸೋಣ ಎಂದಿದ್ದರು ಡಾಕ್ಟರು. ಅದಕ್ಕಿನ್ನು ನಾಲ್ಕೇ ದಿನ. ಮಗಳ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಅವಳ ಮನಸ್ಸು ಸ್ವಲ್ಪ ಹಗುರಾಗಲಿ ಎಂದು ಅಳಿಯ ಭಾನುವಾರ ಎಲ್ಲರನ್ನೂ ಸೇತುವೆ ನೋಡಲು ಹೊರಡಿಸಿದ.

ಯಮುನೆಯ ಮೇಲೆ ಮುಗಿಲು ಮುಟ್ಟುವ ಉಕ್ಕಿನ ಗೋಪುರ, ಅದರಿಂದ ಇಳಿಬಿಟ್ಟ ದಪ್ಪ ತಂತಿಗಳು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ನಮ್ಮವರು ಕಣ್ಣು ಕಿರಿದು ಮಾಡಿದರು.

“ಇದು ವಾಲಿದೆ.”

“ಕಟ್ಟಿರೋದೇ ಹಾಗೆ, ಮಾವ,” ಎಂದ ಅಳಿಯ.

“ಹಾಗಂತ ಹೇಳಿದೋರು ಯಾರು? ಕಟ್ಟಿದೋರೇ ತಾನೆ?”

ತುಂಬಿದ ಬಸ್ಸೊಂದು ದಾಟುವವರೆಗೆ ಕಾಲಿಡಲಿಲ್ಲ. ಆಮೇಲೂ ಹತ್ತು ಹೆಜ್ಜೆಗೊಮ್ಮೆ ನಿಂತು, ಮನೆಯ ಬೀಗದ ಕೈಯಿಂದ ಕಂಬಿ ಬಡಿದು ಕಿವಿ ಇಡುವುದು! ಕಾವಲುಗಾರನೊಬ್ಬ ಬಂದು, “ಬಾಬೂಜಿ, ಕುಛ್ ಖೋ ಗಯಾ ಕ್ಯಾ?” ಎಂದು ವಿಚಾರಿಸಿದ, ಏನಾದರೂ ಕಳೆದುಹೋಯಿತೇ ಅಂತ.

“ಅಭೀ ತಕ್ ನಹೀಂ,” ಎಂದರು ಇವರು. ಇನ್ನೂ ಇಲ್ಲವಂತೆ!

ಸೇತುವೆಯ ನಡುಮಧ್ಯದಲ್ಲಿ ಒಂದು ನಟ್ಟಿನ ಮೇಲೆ ಅವರಿಗೆ ಭಾರಿ ಗುಮಾನಿ ಬಂತು. ಬಗ್ಗಿ ಕೇಳೋಣವೆಂದರೆ ಕಂಕುಳಲ್ಲಿ ಮಗು ಅಡ್ಡ. ಅನುಮಾನದ ಭರದಲ್ಲಿ ಮೈಮರೆತು ಅವಳನ್ನು ಕಾಲುದಾರಿಯ ಮೇಲೆ ಇಳಿಸಿ, ಕಂಬಿ ಹಿಡಿಸಿ ನಿಲ್ಲಿಸಿದರು. ಅವರು ನಟ್ಟು ಬಡಿಯುತ್ತಿದ್ದಾರೆ, ಇವಳು ಕಂಬಿ ಬಿಟ್ಟು ಅಮ್ಮನತ್ತ ನಡೆದೇಬಿಟ್ಟಳು! ಒಂದು, ಎರಡು, ಐದು ಹೆಜ್ಜೆ! ಮಗಳು ಅಲ್ಲೇ ಕುಸಿದು ಕೂತು ಅತ್ತಳು. ನಾನು ಪಕ್ಕದಲ್ಲಿ ಸೆಲ್ಫಿ ತೆಗೆಯುತ್ತಿದ್ದ, ಗುರುತು ಪರಿಚಯವಿಲ್ಲದ ಹೆಂಗಸನ್ನು ತಬ್ಬಿಕೊಂಡುಬಿಟ್ಟೆ!

ಇವರು ಎದ್ದು ನೋಡಿ ಹೇಳಿದ್ದೇನು ಗೊತ್ತೆ?

“ಸೇತುವೆ ಆ ಕಡೆಗೆ ಇಳಿಜಾರಿದೆ. ಮಗು ತಾನಾಗಿ ನಡೆದಿಲ್ಲ, ಇಳಿಜಾರು ನಡೆಸಿದೆ. ಈ ಕಡೆ ತಿರುಗಿಸಿ ಬಿಡಿ, ನೋಡೋಣ.”

ತಿರುಗಿಸಿ ಬಿಟ್ಟೆವು. ಇವರು ಮಂಡಿಯೂರಿ ಎರಡೂ ಕೈ ಚಾಚಿದರು. ಅವಳು ಓಲಾಡುತ್ತ, ನಗುತ್ತ, ಅಷ್ಟೂ ಹೆಜ್ಜೆ ವಾಪಸು ನಡೆದು ಬಂದು ಅಜ್ಜನ ಮೂಗು ಹಿಡಿದಳು. ಅಲ್ಲಿಂದ ಮನೆ ಮುಟ್ಟುವವರೆಗೆ ಇವರು ಒಂದು ಕಂಬಿಯನ್ನೂ ಬಡಿಯಲಿಲ್ಲ.

ಸಂಜೆ ಎಲ್ಲರೂ ಸುತ್ತ ಕೂತೆವು. ಮುದ್ದೆ, ಸೊಪ್ಪಿನ ಸಾರು, ಮೇಲೆ ಶಾವಿಗೆ ಪಾಯಸ. ಇವರ ತಟ್ಟೆ ಮಾತ್ರ ಹಾಕಿದ ಹಾಗೇ ಇತ್ತು. ನನ್ನ ಅಡುಗೆಯ ಮೇಲೂ ಅನುಮಾನ ಬಂತೇ ಎಂದು ಛೇಡಿಸಿದೆ. ಇವರು ತಲೆ ಎತ್ತದೆ ಮಗಳಿಗೆ ಹೇಳಿದರು:

“ನಾನು ಎತ್ಕೊಂಡೇ ಇದ್ದು ಅವಳ ಕಾಲು ಕೆಡಿಸ್ಬಿಟ್ನೇನೋ ಅಂತ... ಎಷ್ಟೋ ದಿನದಿಂದ ನಿದ್ದೆ ಇಲ್ಲ ಕಣಮ್ಮ.”

ಮಗಳು ತನ್ನ ತಟ್ಟೆಯ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಅಪ್ಪನ ಬಾಯಿಗಿಟ್ಟಳು. ಬಿಸಿಯೋ, ಖಾರವೋ ಎಂದು ಒಂದು ಪ್ರಶ್ನೆಯನ್ನೂ ಕೇಳದೆ, ಅವರು ಕಣ್ಣು ಮುಚ್ಚಿ ನುಂಗಿದರು.