ತೀರ್ಥವಾದ ಮಾದರಿ

ಕಂಬಳಿಯ ಗದ್ದುಗೆಯ ಮೇಲೆ ಕುಳಿತ ಮಾಳಿಂಗರಾಯನಿಗೆ ಶರಣು. ಅವನ ಅರಿಸಿನ ಭಂಡಾರದ ಕಣಕಣಕ್ಕೂ ಶರಣು.

ಗೋಕಾಕದಲ್ಲಿ ನಕಲಿ ವೈನು ಪತ್ತೆ ಹಚ್ಚುವ ರಾಸಾಯನಿಕ ಪರೀಕ್ಷಾ ಕೇಂದ್ರವಿದೆ. ಅಲ್ಲಿನ ಯಂತ್ರ ಸುಳ್ಳು ಹೇಳುವುದಿಲ್ಲ. ನಿಯಮದ ಪ್ರಕಾರ, 'ಘಟಪ್ರಭಾ ತೀರದ ವೈನು' ಎಂದು ಮಾರುವವರೆಲ್ಲ ತಮ್ಮ ಬಾಟಲಿಯನ್ನು ಅಲ್ಲಿಗೆ ತರತಕ್ಕದ್ದು. ಯಂತ್ರವು ಅದನ್ನು ಕಪಾಟಿನಲ್ಲಿಟ್ಟ ಮೂಲ ಮಾದರಿಯೊಂದಿಗೆ ಹೋಲಿಸುತ್ತದೆ. ಹೊಂದಿದರೆ ಅಸಲಿ, ಹೊಂದದಿದ್ದರೆ ನಕಲಿ.

ಆ ಮೂಲ ಮಾದರಿ ತುಕ್ಕಾನಟ್ಟಿಯ ರಾಮವ್ವ ಕೊಟ್ಟದ್ದು. ಕುರಿಗೊಬ್ಬರ ಹಾಕಿ ಬೆಳೆಸಿದ ದ್ರಾಕ್ಷಿಯನ್ನು ತಾನೇ ಹಿಂಡಿ, ಮೊದಲ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದಿದ್ದಳು.

ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಕೇಂದ್ರದವರು ಯಂತ್ರಕ್ಕೆ ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿ, ಕಾಯಿ ಒಡೆದರು. ಅಷ್ಟು ಭಕ್ತಿಯುಳ್ಳ ಕಚೇರಿ ಈ ಕಾಲದಲ್ಲಿ ಅಪರೂಪ. ತೀರ್ಥಕ್ಕೆ ಮಾತ್ರ ಏನೂ ಇರಲಿಲ್ಲ. ಅಧಿಕಾರಿ ಉದ್ದಪ್ಪನವರು ಕಪಾಟು ತೆರೆದು, ಮೂಲ ಮಾದರಿಯನ್ನೇ ನೈವೇದ್ಯ ಮಾಡಿ ಉದ್ಧರಣೆಯಲ್ಲಿ ಹಂಚಿದರು. ಭಕ್ತರು ಮತ್ತೆ ಮತ್ತೆ ಕೈಯೊಡ್ಡಿದರು. ತೀರ್ಥ ಬೇಡಿದವರಿಗೆ ಇಲ್ಲವೆನ್ನಬಾರದು. ಸಂಜೆಗೆ ಬಾಟಲಿ ಬರಿದಾಯಿತು. ಪೂಜೆಗಿಟ್ಟ ಪಾತ್ರೆ ಬರಿದಿರಬಾರದಾದ್ದರಿಂದ, ಕುಲಗೋಡದ ಬೆಲ್ಲದ ನೀರಿಗೆ ಬೀಟ್‌ರೂಟ್ ರಸ ಬೆರೆಸಿ ತುಂಬಿ ಮೊಹರು ಒತ್ತಿದರು.

ಮುಂದಿನ ಸುಗ್ಗಿಯಲ್ಲಿ ರಾಮವ್ವನ ವೈನು ನಕಲಿಯೆಂದು ತೀರ್ಮಾನವಾಯಿತು. ದ್ರಾಕ್ಷಿಯನ್ನು ಬಾಟಲಿಯ ಚೀಟಿಯ ಮೇಲೆ ಮಾತ್ರ ಕಂಡಿದ್ದ ಹುಕ್ಕೇರಿಯ ಓಂಕಾರ ಅಸಲಿ ಪ್ರಮಾಣಪತ್ರ ಪಡೆದು ಪೇಢೆ ಹಂಚಿದ. ರಾಮವ್ವ ಅಮಾವಾಸ್ಯೆಯೊಳಗೆ ಅಸಲಿ ಮಾಲು ತೋರಿಸತಕ್ಕದ್ದು, ತಪ್ಪಿದರೆ ಪರವಾನಿಗೆ ರದ್ದು ಎಂದು ಆದೇಶವಾಯಿತು.

ಆಕೆ ಕೇಂದ್ರಕ್ಕೆ ಬಂದಳು. ಪರೀಕ್ಷೆ ಮಾಡುವ ಶಿವಾನಿ ಚಹಾ ತರಿಸಿ, ತಲೆ ತಗ್ಗಿಸಿ ಹೇಳಿದಳು: "ಕಾಕೂ, ನಿಮ್ಮದರಾಗ ದ್ರಾಕ್ಷಿ ಸಿಕ್ಕೇತ್ರಿ. ಮಾದರಿಯೊಳಗ ಅದು ಇಲ್ಲ."

ರಾಮವ್ವ ಉದ್ದಪ್ಪನವರತ್ತ ತಿರುಗಿದಳು. "ಸಾಹೇಬ್ರ, ಆ ಮಾದರಿ ನಾನ ಕೊಟ್ಟದ್ದಲ್ರಿ?"

ಉದ್ದಪ್ಪನವರು ಕೈಮುಗಿದರು. "ನಿಮ್ಮದ ಇತ್ರಿ ರಾಮವ್ವಾರ. ಪೂಜಿ ಆದಮ್ಯಾಲ ದೇವರದಾತು. ದೇವರದ್ದು ತಪ್ಪಂತ ಬರದ ಕೊಡ್ತೀರೇನು?"

ರಾಮವ್ವ ಹಾಗೆ ಬರೆದು ಕೊಡುವ ಹೆಣ್ಣಲ್ಲ. ಮೇಲ್ಮನವಿಗೆ ಅವಕಾಶವಿತ್ತು, ಅದನ್ನು ಅದೇ ಯಂತ್ರ ವಿಚಾರಣೆ ಮಾಡಿ, ತಾನು ತನ್ನ ಮಾತಿಗೆ ಬದ್ಧವೆಂದು ತಿಳಿಸಿತು.

"ಹಂಗಾರ ಏನ ಮಾಡ್ಲೆವಾ?" ಎಂದು ಆಕೆ ಶಿವಾನಿಯನ್ನು ಕೇಳಿದಳು.

"ಬೆಲ್ಲ ಕುಲಗೋಡದ್ದ ತಗೋರಿ ಕಾಕೂ. ಬ್ಯಾರೆ ಊರಿಂದಾದ್ರ ಯಂತ್ರ ಹಿಡೀತೈತಿ."

ರಾಮವ್ವ ಕುಲಗೋಡದ ಬೆಲ್ಲ ತಂದಳು. ಬೀಟ್‌ರೂಟ್ ಅರೆಯುವಾಗ ಗಂಡ ಮಾಲಿಂಗಪ್ಪ ಇಣುಕಿ, ಪಲ್ಯವೇನು ಎಂದು ಕೇಳಿದ. ಅಸಲಿ ವೈನು ಎಂದಳು. ಪ್ರಮಾಣಪತ್ರ ಬಂತು. ಬಳ್ಳಿಗಳಿಗೆ ಇನ್ನು ಕೆಲಸವಿರಲಿಲ್ಲ. ಬೇಲಿ ತೆಗೆದು ಕುರಿ ಬಿಟ್ಟರು. ಕುರಿಗಳು ಯಾವ ಮಾದರಿಯನ್ನೂ ಕೇಳದೆ ಮೇಯ್ದವು.

ಪೀಪಾಯಿಗಳಲ್ಲಿ ಉಳಿದಿದ್ದ ಆಕೆಯ ವೈನನ್ನು ಕೇಂದ್ರದವರು ನಾಶಪಡಿಸಲು ಒಯ್ದರು. ನಿಯಮದ ಪ್ರಕಾರ ನಾಶವನ್ನು ಸ್ವಲ್ಪಸ್ವಲ್ಪವಾಗಿ, ಪ್ರತಿ ಅಮಾವಾಸ್ಯೆಯ ಯಂತ್ರಪೂಜೆಯ ನಂತರ ಮಾಡತಕ್ಕದ್ದು. ಒಂದು ಅಮಾವಾಸ್ಯೆಗೆ ರಾಮವ್ವನೂ ತೀರ್ಥದ ಸಾಲಿನಲ್ಲಿ ನಿಂತಳು. ಉದ್ದಪ್ಪನವರು ಅಂಗೈಗೆ ಒಂದು ಉದ್ಧರಣೆ ಹಾಕಿದರು. ಕುಡಿದೊಡನೆ ನಾಲಿಗೆಗೆ ತನ್ನ ಹೊಲದ ಮಣ್ಣಿನ ಗುರುತು ಹತ್ತಿತು.

"ಹೆಂಗೈತ್ರಿ?" ಎಂದರು ಸಾಹೇಬರು.

"ನಕಲಿ ಐತ್ರಿ" ಎಂದು ರಾಮವ್ವ ಒದ್ದೆ ಕೈಯನ್ನು ನೆತ್ತಿಗೆ ಒರೆಸಿಕೊಂಡು, ಇನ್ನೊಮ್ಮೆ ಕೈಯೊಡ್ಡಿದಳು.

ಕೇಳಿದ ನಿಮ್ಮ ಹಟ್ಟಿ ತುಂಬಿರಲಿ, ಕಾಳಿನ ಹಗೇವು ತುಂಬಿರಲಿ. ನಿಮ್ಮನ್ನು ಯಾವ ಮಾದರಿಯ ಪಕ್ಕದಲ್ಲಿ ನಿಲ್ಲಿಸಿದರೂ ಹೊಂದುವಂತೆ ಮಾಳಿಂಗರಾಯ ಕಾಯಲಿ.