ದೋಣಿಮನೆಯಲ್ಲಿ ಅತ್ತೆ, ಅಳಿಯ

ಹೆಂಡತಿ ಮಾತು ಬಿಟ್ಟರೆ ಅದು ಎರಡು ದಿನದ ಕಷ್ಟ. ಅತ್ತೆ ಮಾತನ್ನೇ ಆಡದಿದ್ದರೆ ಅದು ಕಷ್ಟವೋ ಸುಖವೋ ಎಂದು ತೀರ್ಮಾನಿಸಲು ನನಗೆ ಹತ್ತು ವರ್ಷ ಸಾಲಲಿಲ್ಲ. ನನ್ನ ಸ್ನೇಹಿತರಲ್ಲಿ ಹಲವರು ಇದನ್ನು ಪೂರ್ವಜನ್ಮದ ಪುಣ್ಯವೆಂದೇ ತಿಳಿದು ನನ್ನನ್ನು ಅಸೂಯೆಯಿಂದ ನೋಡುತ್ತಿದ್ದರು. ಆದರೆ ಅಮೆರಿಕದ ಮೌಂಟನ್ ವ್ಯೂನ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ, ನನ್ನ ಬಗ್ಗೆ ಆಡುವ ಮಾತನ್ನು ನನ್ನೆದುರೇ ಗಾಳಿಗೆ ಹೇಳುವುದನ್ನು ತಿಂಗಳುಗಟ್ಟಲೆ ಕೇಳಿದವನಿಗೇ ಗೊತ್ತು ಅದರ ಸಂಕಟ.

ಅವರಿಗೆ ನನ್ನ ಮೇಲೆ ಕೋಪವೇನೂ ಇರಲಿಲ್ಲ. ನಮ್ಮತ್ತೆ ಸೀತಮ್ಮನವರು ಮಂಡ್ಯದವರು, ಮಗಳ ಮನೆಯಲ್ಲಿ ಕೆಲವು ತಿಂಗಳು ಇರಲು ಬಂದಿದ್ದರು. ಅಳಿಯನ ಮುಖ ನೋಡಿ ಮಾತನಾಡುವುದು ಅವರ ಮನೆತನದಲ್ಲಿ ಮರ್ಯಾದೆಯಲ್ಲ. ನಾನು ಹಾಲಿಗೆ ಬಂದರೆ ಅವರು ಅಡುಗೆಮನೆಗೆ ಹೋಗುತ್ತಿದ್ದರು. ನಾನು ನೀರು ಕುಡಿಯಲು ಅಡುಗೆಮನೆಗೆ ಹೋದರೆ ಅವರು ಹಾಲಿಗೆ ಬರುತ್ತಿದ್ದರು. ನನಗೆ ಹೇಳಬೇಕಾದ್ದನ್ನೆಲ್ಲ ನನ್ನ ಹೆಂಡತಿ ವಿಮಲಾಳಿಗೆ ಹೇಳುತ್ತಿದ್ದರು, ಅವಳಿಲ್ಲದಿದ್ದರೆ ಫ್ರಿಜ್ಜಿಗೆ. ಒಂದು ಬೆಳಗ್ಗೆ ನಾನು ಆಫೀಸಿಗೆ ಹೊರಟಾಗ ಅವರು ಫ್ರಿಜ್ಜಿನ ಕಡೆ ತಿರುಗಿ, "ಅಳಿಯಂದ್ರ ಸ್ವೆಟರು ತಿರುಗಾಮುರುಗಾ ಆಗಿದ್ಯಂತೆ" ಎಂದರು. ಒಳಗೆ ವಿಮಲಾ ಇದ್ದಾಳೆ, ತಾಯಿ ಮಗಳು ಏನೋ ಮಾತಾಡಿಕೊಳ್ಳುತ್ತಿದ್ದಾರೆ ಎಂದುಕೊಂಡು ನಾನು ಹೊರಟುಹೋದೆ. ಮಧ್ಯಾಹ್ನದವರೆಗೂ ಮೀಟಿಂಗಿನಲ್ಲಿ ನನ್ನ ಹೊಲಿಗೆಗಳನ್ನು ಎಲ್ಲರಿಗೂ ತೋರಿಸುತ್ತ ಕುಳಿತಿದ್ದೆ. ನನ್ನ ಕತ್ತಿನ ಹಿಂದಿದ್ದ ಲೇಬಲ್ಲನ್ನು ಓದಿದ ಮೇಲಧಿಕಾರಿಗಳು, ಮೀಡಿಯಮ್ ಸೈಜು ನಿಮಗೆ ಸ್ವಲ್ಪ ಬಿಗಿಯಲ್ಲವೇ ಎಂದು ಕೇಳಿದರು.

ಆ ಬೇಸಿಗೆಯಲ್ಲಿ ಅತ್ತೆಯವರಿಗೆ ಒಂದು ಕೊರಗು ಹತ್ತಿಕೊಂಡಿತು. ನಾವು ಅವರಿಗೆ ಕೊಲ್ಲಿಯ ಬಾಯಿಗೆ ಕಟ್ಟಿದ ಪ್ರಸಿದ್ಧ ಕೆಂಪು ಸೇತುವೆ ತೋರಿಸಿದ್ದೆವು, ಬರ್ಕ್ಲಿಯ ಗಡಿಯಾರದ ಗೋಪುರ ತೋರಿಸಿದ್ದೆವು, ಲಾಸ್ ಆಲ್ಟೋಸಿನಲ್ಲಿ ಡಾಕ್ಟರರೊಬ್ಬರ ಮನೆಯ ಈಜುಕೊಳವನ್ನೂ ತೋರಿಸಿದ್ದೆವು. ಎಲ್ಲವನ್ನೂ ನೋಡಿ ಬಂದು ಅವರು ಮಗಳನ್ನು ಕೇಳಿದರು: "ಈ ದೇಶದಲ್ಲಿ ಹಳ್ಳಿ ಅನ್ನೋದೇ ಇಲ್ವೇನೇ? ತರಕಾರಿ ಎಲ್ಲಾ ಅಂಗಡೀಲೇ ಬೆಳೆಯತ್ತಾ? ಸಂತೆ ಎಲ್ಲಿ ನಡೆಯತ್ತೆ?"

ವಿಮಲಾ ನನ್ನ ಮುಖ ನೋಡಿದಳು. ಹತ್ತು ವರ್ಷ ಇಲ್ಲಿದ್ದರೂ ನನಗೆ ಗೊತ್ತಿದ್ದ ಹಳ್ಳಿಯೆಂದರೆ ಫ್ರೀವೇಯಿಂದ ಕಾಣುವ ಹಸಿರು ಬೋರ್ಡಿನ ಮೇಲಿನ ಹೆಸರು ಮಾತ್ರ. ಆಫೀಸಿನಲ್ಲಿ ಪಕ್ಕದ ಮೇಜಿನ ಫ್ರ್ಯಾಂಕನನ್ನು ಕೇಳಿದೆ. ಅವನು ಮೀನು ಹಿಡಿಯುವ ಹುಚ್ಚಿನವನು. "ಡೆಲ್ಟಾಕ್ಕೆ ಹೋಗಿ," ಎಂದ. ಎರಡು ದೊಡ್ಡ ನದಿಗಳು ಕೊಲ್ಲಿಗೆ ಸೇರುವ ಮುಂಚೆ ನೂರಾರು ಕಾಲುವೆಗಳಾಗಿ ಒಡೆದುಕೊಳ್ಳುವ ಜಾಗ ಅದು. ದಂಡೆಯುದ್ದಕ್ಕೂ ತೋಟಗಳು, ಹಳೇ ಊರುಗಳು, ಏರಿಯ ಮೇಲೆ ರೈತರೇ ನಡೆಸುವ ಅಂಗಡಿಗಳು. ಅಡುಗೆಮನೆಯಿರುವ ಹೌಸ್‌ಬೋಟು ಬಾಡಿಗೆಗೆ ಸಿಗುತ್ತದೆ, ನಾವೇ ನಡೆಸಿಕೊಂಡು ಹೋಗಬಹುದು, ಅದಕ್ಕೆ ಲೈಸೆನ್ಸು ಕೂಡ ಬೇಡ ಎಂದ. ನಾನು ಚಾಮರಾಜಪೇಟೆಯಲ್ಲಿ ಬೆಳೆದವನು. ಅಲ್ಲಿ ನನಗೆ ಪರಿಚಯವಿದ್ದ ಅತಿ ಆಳವಾದ ನೀರು ಬಚ್ಚಲುಮನೆಯ ಹಂಡೆಯದು. ಆದರೂ ಅಡುಗೆಮನೆ ಎಂಬ ಒಂದು ಮಾತಿಗೆ ಮರುಳಾಗಿಬಿಟ್ಟೆ. ಅತ್ತೆಯವರು ಹೊರಗೆ ಏನನ್ನೂ ಮುಟ್ಟುತ್ತಿರಲಿಲ್ಲ. ಬಿಸ್ಕತ್ತು ಕೊಟ್ಟರೂ "ಮೊಟ್ಟೆ ಹಾಕಿದಾರಾ ಕೇಳು" ಎನ್ನುತ್ತಿದ್ದರು. ಕೇಳುವ ಕೆಲಸ ನನ್ನದು, ಉತ್ತರ ಹೋಗುತ್ತಿದ್ದುದು ವಿಮಲಾಳ ಮೂಲಕ.

ನಾನು ರಜೆ ಹಾಕಿದೆ, ಮೂವರೂ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಲಿವರ್‌ಮೋರಿನ ದೇವಸ್ಥಾನಕ್ಕೆ ಹೋಗಿ ಕೈ ಮುಗಿದೆವು. ಅದರಾಚೆಯ ಬೋಳು ಗುಡ್ಡಗಳ ತುಂಬ ಸಾಲು ಸಾಲಾಗಿ ತಿರುಗುತ್ತಿದ್ದ ಗಾಳಿಯಂತ್ರಗಳನ್ನು ಅತ್ತೆಯವರು ಕಾರಿನ ಕಿಟಕಿಯಿಂದ ನೋಡಿ, "ಜನವೇ ಇಲ್ಲ, ಇಷ್ಟೊಂದು ಫ್ಯಾನು ಯಾರಿಗೆ ಹಾಕಿದಾರೆ?" ಎಂದರು. ಈ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿತ್ತು. ಆದರೆ ಅವರು ಕೇಳಿದ್ದು ನನ್ನನ್ನಲ್ಲ.

ದೋಣಿ ಬಾಡಿಗೆಗೆ ಕೊಡುವವನು ನಮಗೆ ಚಕ್ರ, ಎಂಜಿನ್ನು, ಲಂಗರು, ಹಾರ್ನು ಎಲ್ಲವನ್ನೂ ತೋರಿಸಿದ. ಕೊನೆಗೆ ಸಮುದ್ರದ ಉಬ್ಬರ ಇಳಿತದ ಬಗ್ಗೆಯೂ ಏನೋ ಹೇಳಿದ. ಮೀಟಿಂಗಿನಲ್ಲಿ ತಲೆಯಾಡಿಸಿ ಅಭ್ಯಾಸವಿರುವ ನಾನು ಅವನಿಗೂ ತಲೆಯಾಡಿಸಿದೆ. ಸಮುದ್ರ ಅಲ್ಲಿಂದ ಎಷ್ಟೋ ದೂರವಿತ್ತು. ಅದರ ವಿಚಾರ ನಮಗೇಕೆ ಎಂದುಕೊಂಡೆ.

ಹೌಸ್‌ಬೋಟು ಎಂದರೆ ತೇಲುವ ಬಸ್ಸು. ಚಕ್ರ ತಿರುಗಿಸಿದ ಕೂಡಲೇ ಅದು ತಿರುಗುವುದಿಲ್ಲ. ಸ್ವಲ್ಪ ಯೋಚಿಸುತ್ತದೆ. ತಿರುಗಲಿಲ್ಲವಲ್ಲ ಎಂದು ನಾವು ಇನ್ನಷ್ಟು ತಿರುಗಿಸಿದರೆ ಎರಡೂ ಸಲದ ಲೆಕ್ಕವನ್ನು ಒಟ್ಟಿಗೆ ಚುಕ್ತಾ ಮಾಡುತ್ತದೆ. ಹೀಗೆ ನಾವು ಮೊದಲ ದಿನ ನದಿಯ ಎರಡೂ ದಂಡೆಗಳನ್ನು ಸಮಾನವಾಗಿ ಮುಟ್ಟುತ್ತ, ಜೊಂಡಿನ ಪೊದೆಗಳಿಗೆ ನುಗ್ಗುತ್ತ, ಮೀನು ಹಿಡಿಯುವವರಲ್ಲಿ ಕ್ಷಮೆ ಕೇಳುತ್ತ ಸಾಗಿದೆವು. ಒಳಗಿನಿಂದ ಅತ್ತೆಯವರ ದನಿ ಕೇಳುತ್ತಿತ್ತು: "ಅಳಿಯಂದ್ರಿಗೆ ಇದು ಬರತ್ತೇನೇ ವಿಮಲೂ?" "ಕಲೀತಾ ಇದಾರಮ್ಮ." "ನಾವು ಕೂತಿರುವಾಗ್ಲೇ ಕಲೀಬೇಕಾ?"

ಆದರೂ ಅವರು ಸಂತೋಷವಾಗಿದ್ದರು. ಮುಂದಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ದಂಡೆ ನೋಡುತ್ತ ಕುಳಿತರು. ಅಲ್ಲಿ ನದಿ ಮೇಲಿದೆ, ಹೊಲ ತಗ್ಗಿನಲ್ಲಿದೆ. ನಡುವೆ ನಮ್ಮ ಕೆರೆ ಏರಿಯಂಥ ಏರಿ. ಏರಿಯ ಆಚೆ ಪೇರ್ ಹಣ್ಣಿನ ಮರಗಳ ನೆತ್ತಿ ಮಾತ್ರ ಕಾಣುತ್ತಿತ್ತು. ದಾರಿಗೆ ಅಡ್ಡವಾಗಿ ಒಂದು ಸೇತುವೆ ಬಂತು. ಹೇಳಿಕೊಟ್ಟಿದ್ದಂತೆ ನಾನು ಹಾರ್ನು ಒತ್ತಿದೆ. ಮೇಲೆ ಗಂಟೆ ಹೊಡೆಯಿತು, ಕಾರುಗಳು, ಒಂದು ಟೊಮೇಟೊ ಲಾರಿ ಎಲ್ಲವೂ ನಿಂತವು, ಇಡೀ ಸೇತುವೆ ಎರಡಾಗಿ ಎದ್ದು ನಿಂತು ನಮಗೆ ದಾರಿ ಬಿಟ್ಟಿತು. ಅತ್ತೆಯವರು ಕುರ್ಚಿಯಿಂದ ಎದ್ದು ಸೆರಗು ಹೊದ್ದುಕೊಂಡರು. "ಅಳಿಯಂದ್ರಿಗೋಸ್ಕರ ಸೇತುವೆ ಎತ್ತಿದ್ರು ಕಣೇ," ಎಂದು ಮಗಳಿಗೆ ಹೇಳುವಾಗ ಅವರ ದನಿಯಲ್ಲಿದ್ದ ಗೌರವ ನನ್ನ ತಲೆಗೇರಿತು. ಆ ಗೌರವ ಹೆಚ್ಚು ಹೊತ್ತು ಉಳಿಯುವಂಥದಲ್ಲ ಎಂದು ನನಗೆ ಆಗ ತಿಳಿಯಲಿಲ್ಲ.

ಎರಡನೆಯ ಸಂಜೆ ಒಂದು ಚಿಕ್ಕ ಕಾಲುವೆಯೊಳಗೆ ಹೋಗಿ, ದಂಡೆಗೆ ಒತ್ತಿಕೊಂಡಂತೆ ದೋಣಿ ನಿಲ್ಲಿಸಿ ಮರಕ್ಕೆ ಹಗ್ಗ ಕಟ್ಟಿದೆ. ತುಂಬಿದ ನೀರು, ನೆರಳು, ಹಕ್ಕಿಗಳು. ಇಷ್ಟು ಒಳ್ಳೆಯ ಜಾಗದಲ್ಲಿ ಬೇರೆ ಯಾರೂ ದೋಣಿ ನಿಲ್ಲಿಸಿಲ್ಲವಲ್ಲ ಎಂದು ಅಮೆರಿಕದವರ ರಸಿಕತೆಯ ಬಗ್ಗೆ ಮರುಕಪಟ್ಟು ಮಲಗಿದೆ.

ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಹಿತ್ತಾಳೆ ಚೊಂಬು. ಅದು ದೋಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಉರುಳಿಕೊಂಡು ಹೋಯಿತು. ಅದರ ಹಿಂದೆಯೇ ಅವಲಕ್ಕಿ ಡಬ್ಬ, ಹುಳಿಪುಡಿ ಬಾಟಲು. ಫ್ರಿಜ್ಜಿನ ಬಾಗಿಲು ತಾನೇ ತೆರೆದುಕೊಂಡು ಮೊಸರು, ಗೊಜ್ಜು ಎಲ್ಲವನ್ನೂ ನೆಲಕ್ಕೆ ಒಪ್ಪಿಸಿತು. ದೋಣಿ ಒಂದು ಕಡೆಗೆ ವಾಲಿ ನಿಂತಿತ್ತು. ಹೊರಗೆ ಬಂದು ನೋಡುತ್ತೇನೆ, ಕಾಲುವೆಯೇ ಇಲ್ಲ. ನಡುವೆ ಒಂದು ಸಣ್ಣ ಧಾರೆ ಹರಿಯುತ್ತಿತ್ತು, ಸುತ್ತಮುತ್ತ ಹೊಳೆಯುವ ಕಪ್ಪು ಕೆಸರು, ಅದರ ಮೇಲೆ ನಮ್ಮ ಮನೆ. ದೂರದ ಸಮುದ್ರ ತನ್ನ ನೀರನ್ನು ವಾಪಸು ತೆಗೆದುಕೊಂಡಿತ್ತು.

ನಾನು ಎಂಜಿನ್ನು ಚಾಲೂ ಮಾಡಿದೆ. ಅದು ಕೆಸರನ್ನು ಕಿಟಕಿಗಳಿಗೆಲ್ಲ ಬಳಿದು ನಿಂತಿತು. ಆಗ ನನಗೆ ಇಳಿದು ನೂಕುವ ಯೋಚನೆ ಬಂತು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ನೂಕಿದ ಅನುಭವ ನನಗಿತ್ತು. ವಿಮಲಾ ಬೇಡ ಎನ್ನುವಷ್ಟರಲ್ಲಿ ಪ್ಯಾಂಟು ಮಡಚಿಕೊಂಡು ಇಳಿದೇಬಿಟ್ಟೆ. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ತೊಡೆ. ಕಾಲು ಎತ್ತಲು ನೋಡಿದರೆ ಇನ್ನೊಂದು ಕಾಲು ಇನ್ನಷ್ಟು ಒಳಗೆ ಹೋಗುತ್ತಿತ್ತು. ದೋಣಿಯ ಕಟಕಟೆ ಕೈಗೆ ಎಟುಕುವಂತೆ ಕಾಣುತ್ತಿತ್ತು, ಆದರೆ ಎಟುಕಲಿಲ್ಲ. ಸೊಂಟದವರೆಗೂ ಕೆಸರು ಬಂದಾಗ ನನಗೆ ನಿಜವಾಗಿಯೂ ಭಯವಾಯಿತು. ವಿಮಲಾ "ಅಲ್ಲಾಡ್ಬೇಡಿ, ಅಲ್ಲಾಡ್ಬೇಡಿ" ಎನ್ನುತ್ತಿದ್ದಳು. ಅವಳ ದನಿ ಅಳುವ ಹಂತಕ್ಕೆ ಬಂದಿತ್ತು.

ಆಗ ಅವಳ ಪಕ್ಕದಲ್ಲಿ ಅತ್ತೆಯವರು ಬಂದು ನಿಂತರು. ಒಣಹಾಕಿದ್ದ ಅವರ ಹಸಿರು ನೂಲಿನ ಸೀರೆ ಕೈಯಲ್ಲಿತ್ತು. ಒಂದು ತುದಿಯನ್ನು ಕಟಕಟೆಗೆ ಎರಡು ಗಂಟು ಹಾಕಿ, ಇನ್ನೊಂದು ತುದಿಯನ್ನು ನನ್ನತ್ತ ಎಸೆದರು. ನನ್ನ ಮುಖವನ್ನೇ ನೋಡಿ, ಸ್ಪಷ್ಟವಾಗಿ ಹೇಳಿದರು: "ಇದನ್ನ ಹಿಡ್ಕೊಳ್ಳಿ. ಗಟ್ಟಿಯಾಗಿ. ನಿಂತ್ಕೊಂಡೇ ಬರಕ್ಕೆ ನೋಡ್ಬೇಡಿ, ಬೋರಲು ಮಲಗಿ."

ನಾನು ಅಭ್ಯಾಸದಂತೆ ವಿಮಲಾಳ ಮುಖ ನೋಡಿದೆ. ಕೆಸರಿನ ಭಯಕ್ಕಿಂತ ಅತ್ತೆಯವರು ಮಾತಾಡಿದ ಆಶ್ಚರ್ಯವೇ ದೊಡ್ಡದಾಗಿತ್ತು.

"ನಿಮಗೇ ಹೇಳ್ತಿರೋದು," ಎಂದರು ಅವರು.

ಬೋರಲು ಮಲಗಿದೆ. ಅವರ ಎದುರು ಕಾಲು ಚಾಚಿಯೂ ಕುಳಿತಿರದ ನಾನು ಆ ದಿನ ಕೆಸರಿನಲ್ಲಿ ಉದ್ದುದ್ದ ಮಲಗಿ, ಅವರ ಸೀರೆ ಹಿಡಿದು, ಎಮ್ಮೆಯ ಹಾಗೆ ಉಸಿರು ಬಿಡುತ್ತ ತೆವಳಿದೆ. ತಾಯಿ ಮಗಳು ಇಬ್ಬರೂ ಎಳೆದರು. ಮೇಲೆ ಬಂದು ಬಿದ್ದಾಗ ನನ್ನ ಚಪ್ಪಲಿಗಳು ಹೋಗಿದ್ದವು. ಅತ್ತೆಯವರು ಚೊಂಬಿನಲ್ಲಿ ನೀರು ತಂದು ನನ್ನ ಮುಖದ ಮೇಲೆ ಹೊಯ್ದು, ಸೆರಗಿನಿಂದ ಕಣ್ಣು ಒರೆಸಿದರು.

ದೂರದ ಧಾರೆಯಲ್ಲಿ ಚಿಕ್ಕ ದೋಣಿಯಲ್ಲಿ ಹೋಗುತ್ತಿದ್ದ ಒಬ್ಬ ಮುದುಕ ನಮ್ಮನ್ನು ನೋಡಿ ಕೂಗಿ ಹೇಳಿದ, ಮಧ್ಯಾಹ್ನಕ್ಕೆ ನೀರು ಬರುತ್ತದೆ, ಅಲ್ಲಿಯವರೆಗೆ ಕಾಫಿ ಕುಡಿಯಿರಿ ಎಂದು. ಕಾಫಿ ಪುಡಿಯೊಂದು ಉಳಿದಿತ್ತು. ಓರೆಯಾದ ಜಗಲಿಯಲ್ಲಿ, ಜಾರದ ಹಾಗೆ ಕಂಬಕ್ಕೆ ಕಾಲು ಕೊಟ್ಟು, ಮೂವರೂ ಕರಿ ಕಾಫಿ ಕುಡಿದೆವು. ಒಳಗೆಲ್ಲ ಮೊಸರು ಚೆಲ್ಲಿತ್ತು, ಅತ್ತೆಯವರಿಗೆ ಎದ್ದು ಹೋಗಲು ಬೇರೆ ಕೋಣೆಯಿರಲಿಲ್ಲ. ಅತ್ತೆಯವರು ನೀರಿಲ್ಲದ ಕಾಲುವೆಯನ್ನು ನೋಡುತ್ತ ಮಾತು ತೆಗೆದರು.

"ನಮ್ಮಮ್ಮ ನಮ್ಮೆಜಮಾನರ ಹತ್ರ ಒಂದು ದಿನಾನೂ ಮಾತಾಡ್ಲಿಲ್ಲ. ಕೊನೇಲಿ ಅಮ್ಮ ಹಾಸಿಗೆ ಹಿಡಿದಾಗ ಆಸ್ಪತ್ರೇಲಿ ಹಗಲೆಲ್ಲ ಕೂತು ನೋಡ್ಕೊಂಡಿದ್ದು ಇವ್ರೇ. ಆಗ್ಲೂ ಅಮ್ಮ ಗೋಡೆ ಕಡೆ ತಿರುಗಿ, ಬಾಯಾರಿಕೆ ಆಗ್ತಿದ್ಯಂತೆ ಅಂತಿದ್ರು. ಇವರು ಕುಡಿಸೋರು. ಅಮ್ಮ ಹೋದ ಮೇಲೆ ಇವರು ನನ್ನ ಹತ್ರ, ನಿಮ್ಮಮ್ಮ ನನ್ನ ಹೆಸರು ಹಿಡಿದು ಒಂದ್ಸಲ ಕರೆದಿದ್ರೆ ಚೆನ್ನಾಗಿತ್ತು ಅಂದ್ರು. ಅದೊಂದೇ ಸಲ ಅಂದಿದ್ದು. ಈಗ ಇವರೂ ಇಲ್ಲ." ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನೀವು ಇವತ್ತು ಹೋಗ್ಬಿಟ್ಟಿದ್ರೆ, ನಿಮ್ಮ ಹತ್ರ ಏನೂ ಮಾತಾಡದೇನೇ ಕಳಿಸ್ದೆ ಅಂತ ಆಗ್ತಿತ್ತಲ್ಲ, ಶ್ರೀಕಂಠೂ."

ನನ್ನ ಹೆಸರು ಅವರಿಗೆ ಗೊತ್ತಿದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಗಂಟಲಿಗೆ ಕೆಸರು ಹೋಗಿದೆ ಎಂದು ಕೆಮ್ಮಿದೆ. ವಿಮಲಾ ಎದ್ದು ಒಳಗೆ ಹೋಗಿ, ಏನೂ ಆಗಿಲ್ಲವೆಂಬಂತೆ ಚೆಲ್ಲಿದ ಅವಲಕ್ಕಿ ಗುಡಿಸುತ್ತಿದ್ದಳು. ಒಂದೇ ಜಾಗವನ್ನು ಬಹಳ ಹೊತ್ತು ಗುಡಿಸಿದಳು.

ಮುದುಕ ಹೇಳಿದ್ದಂತೆ ಮಧ್ಯಾಹ್ನ ನೀರು ಬಂತು. ಸದ್ದಿಲ್ಲದೆ ಬಂದು, ದೋಣಿಯನ್ನು ನೇರ ಮಾಡಿ, ಮೆಲ್ಲಗೆ ಎತ್ತಿಕೊಂಡಿತು. ನಾವು ಹಸಿದ ಹೊಟ್ಟೆಯಲ್ಲಿ ಮುಂದಿನ ಊರಿನ ದೋಣಿಕಟ್ಟೆಗೆ ಹೋಗಿ ದೋಣಿ ಕಟ್ಟಿದೆವು. ಅತ್ತೆಯವರು ಕೇಳುತ್ತಿದ್ದ ಸಂತೆ ಅಲ್ಲಿತ್ತು. ಏರಿಯ ಮೇಲೆ, ಮರಗಳ ನೆರಳಿನಲ್ಲಿ, ಹಳೇ ಪಿಕಪ್ ಲಾರಿಗಳ ಹಿಂದೆ ಹಲಗೆ ಹಾಸಿ ಪೇರ್ ಹಣ್ಣು, ಜೋಳದ ತೆನೆ, ಟೊಮೇಟೊ, ಎಳೇ ಬೆಂಡೆಕಾಯಿ ಹರಡಿದ್ದರು. ಅತ್ತೆಯವರು ಬೆಂಡೆಕಾಯಿಯ ತುದಿ ಮುರಿದು ನೋಡತೊಡಗಿದರು. ಮಾರುತ್ತಿದ್ದ ಮುದುಕಿ ಬಯ್ಯುವಳೇನೋ ಎಂದು ನಾನು ಹೆದರಿದರೆ, ಅವಳು ಅತ್ತೆಯವರ ಸೀರೆ ನೋಡಿ ಎದ್ದು ನಿಂತಳು. ಹೆಸರು ರೋಸಾ, ಮೆಕ್ಸಿಕೋ ಕಡೆಯವಳು. ಅವಳ ಗಂಡ ಎಷ್ಟೋ ವರ್ಷಗಳ ಹಿಂದೆ ಪಂಜಾಬಿನಿಂದ ಇಲ್ಲಿನ ಹೊಲಗಳಿಗೆ ಕೆಲಸಕ್ಕೆ ಬಂದವನಂತೆ, ಈಗ ಇಲ್ಲ. ನಮ್ಮ ಬೆಳಗಿನ ಕತೆಯನ್ನು ನನ್ನ ಬಾಯಿಂದ ಕೇಳಿ, ನನ್ನ ಬರಿಗಾಲು ನೋಡಿ, ಅವಳು ಅತ್ತೆಯವರ ಕೈ ಹಿಡಿದು ಒಂದೇ ಮಾತು ಕೇಳಿದಳು: "ರೋಟಿ?"

ಲಾರಿಯ ಹಿಂದೆ ಅವಳದೊಂದು ಸಣ್ಣ ಒಲೆಯಿತ್ತು. ಗಂಡ ಕಲಿಸಿದ ರೊಟ್ಟಿಯನ್ನು ಕೈಯಲ್ಲೇ ತಟ್ಟಿ ಸುಟ್ಟಳು. ಜೊತೆಗೆ ಸೊಪ್ಪಿನ ಪಲ್ಯ, ಹಸಿಮೆಣಸಿನಕಾಯಿ. ನಾನು ಅಭ್ಯಾಸಬಲದಿಂದ, ಮೊಟ್ಟೆಯಿದೆಯೇ ಎಂದು ಕೇಳಲು ಬಾಯಿ ತೆರೆದೆ. "ಸುಮ್ನಿರಿ," ಎಂದರು ಅತ್ತೆ, ನನಗೇ. "ಆಕೆ ಕೈಯಾರೆ ಮಾಡಿ ಕೊಡ್ತಿದಾಳೆ." ಹಲಗೆಯ ಮೇಲೆ ಕುಳಿತು ಮೂರು ರೊಟ್ಟಿ ತಿಂದರು. ಆಮೇಲೆ ತಮ್ಮ ಚೀಲದಲ್ಲಿ ಉಳಿದಿದ್ದ ಚಟ್ನಿಪುಡಿಯನ್ನು ಪೂರ್ತಿ ಅವಳಿಗೆ ಕೊಟ್ಟು, ಅದಕ್ಕೆ ಎಣ್ಣೆ ಹಾಕಿಕೊಳ್ಳಬೇಕೆಂದು ಕನ್ನಡದಲ್ಲೇ ವಿವರಿಸಿದರು. ಅವಳು ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿದಳು. ಇಬ್ಬರು ವಿಧವೆಯರೂ ಬಹಳ ಹೊತ್ತು ಹೀಗೆ ಮಾತಾಡಿದರು. ಭಾಷಾಂತರಕ್ಕೆ ನಮ್ಮನ್ನು ಯಾರೂ ಕರೆಯಲಿಲ್ಲ.

ಅತ್ತೆಯವರ ಮಾತಿಗೆ ಆಮೇಲೆ ತಡೆಯೇ ಇರಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತು, ಫ್ರೀವೇಯಲ್ಲಿ ಯಾವ ಲಾರಿಯ ಹಿಂದೆ ಹೋಗಬಾರದು ಎಂದು ನನಗೆ ನೇರವಾಗಿ ಹೇಳಿದರು. ನನ್ನ ಊಟ, ನನ್ನ ಕೂದಲು, ನಾನು ಪೇಪರು ಓದುವ ರೀತಿ, ಎಲ್ಲದರ ಬಗ್ಗೆಯೂ ಅವರಿಗೆ ಹತ್ತು ವರ್ಷಗಳಿಂದ ಕೂಡಿಟ್ಟ ಅಭಿಪ್ರಾಯಗಳಿದ್ದವು. ಸ್ನೇಹಿತರಿಗೆ ನನ್ನ ಮೇಲಿದ್ದ ಅಸೂಯೆ ಹೋಯಿತು. ನನಗೆ ಮಾತ್ರ ಒಂದೊಂದು ಮಾತೂ ಬಹುಮಾನದಂತೆ ಕೇಳಿಸುತ್ತಿತ್ತು.

ಮರುವರ್ಷ ಒಂದು ಮದುವೆಗೆಂದು ನಾವು ಮಂಡ್ಯಕ್ಕೆ ಹೋದೆವು. ಛತ್ರದ ಬಾಗಿಲಲ್ಲೇ ನಾನು ಕಂಡಿರದ ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡು, "ಅಮೆರಿಕದ ನದೀಲಿ ಹಡಗು ಸಿಕ್ಕಿಹಾಕ್ಕೊಂಡಾಗ ನೀರಿಗೆ ಹಾರಿ, ಒಬ್ರೇ ಭುಜ ಕೊಟ್ಟು ತಳ್ಳಿ, ಸೀತಮ್ಮನ್ನ ಕಾಪಾಡಿದ ಅಳಿಯಂದ್ರು ನೀವೇನಾ?" ಎಂದರು. ಹಿಂದೆ ತಿರುಗಿ ನೋಡಿದೆ. ಅತ್ತೆಯವರು ಹೂವಿನ ಬುಟ್ಟಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ನನ್ನನ್ನು ನೇರವಾಗಿ ನೋಡಿ, "ಹೌದು ಅನ್ನಿ, ಸುಮ್ನೆ," ಎಂದರು. ಇಷ್ಟು ಕಷ್ಟಪಟ್ಟು ಸಂಪಾದಿಸಿದ ಮಾತನ್ನು ಮೀರುವುದುಂಟೇ? ಹೌದು ಎಂದೆ. ಈಜು ಎಲ್ಲಿ ಕಲಿತಿರಿ ಎಂದು ಹಿರಿಯರು ಕೇಳಿದರು. ಚಾಮರಾಜಪೇಟೆಯಲ್ಲಿ ಎಂದೆ.