ನನ್ನ ಸಾವಿನ ತಂತಿ

ಎಪ್ಪತ್ತರ ದಶಕದ ಕೊನೆಯಲ್ಲಿ ಶ್ರೀನಿವಾಸಪುರದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ನನಗೆ ಮೂಢನಂಬಿಕೆಗಳೆಂದರೆ ಆಗುತ್ತಿರಲಿಲ್ಲ. ಒಂದು ಮಟಮಟ ಮಧ್ಯಾಹ್ನ ಮಾವಿನ ತೋಪು ದಾಟಿ ಬರುವಾಗ ಕಾಗೆಯೊಂದು ನನ್ನ ತಲೆಯ ಮೇಲೆ ಕೂತಿತು. ಕುಕ್ಕಲಿಲ್ಲ, ಕೂಗಲಿಲ್ಲ. ಸುಮ್ಮನೆ ಕೂತು, ಹೋಯಿತು. ತೋಪಿನಲ್ಲಿ ಒಂದು ಎಲೆಯೂ ಅಲ್ಲಾಡಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ನನಗೆ ಎಲ್ಲ ನಂಬಿಕೆಗಳೂ ಬಂದಿದ್ದವು!

"ಕಾಗೆ ತಲೆ ಮೇಲೆ ಕೂತ್ರೆ ಸಾವು ಕಣ್ರೀ," ಎಂದಳು ಹೆಂಡತಿ ರತ್ನ. "ನೀವು ಹೋಗ್ಬಿಟ್ರಿ ಅಂತ ನೆಂಟರಿಗೆ ಸುಳ್ಳು ಸುದ್ದಿ ಕಳಿಸ್ಬೇಕು. ಅವರು ನಿಜ ಅಂದ್ಕೊಂಡು ಅತ್ರೆ ದೋಷ ಕಳಿಯುತ್ತೆ. ಟೇಕಲ್‌ಗೆ, ನನ್ನ ತಮ್ಮಂಗೆ ತಂತಿ ಕೊಡಿ."

ಅಂಚೆ ಕಚೇರಿಗೆ ಹೋಗಿ ತಂತಿ ಫಾರಂ ಹಿಡಿದು ಕೂತೆ. ಅಲ್ಲೂ ಮೇಷ್ಟ್ರುತನ ಬಿಡಲಿಲ್ಲ. ನನ್ನ ಹೆಸರಿನ ಮುಂದೆ 'ಪಾಸ್ಡ್ ಅವೇ' ಎಂದು ಬರೆದೆ.

"ಎಲ್ರೂ 'ಎಕ್ಸ್‌ಪೈರ್ಡ್' ಅಂತ ಬರೆಸ್ತಾರೆ ಮೇಷ್ಟ್ರೇ," ಎಂದರು ಗುಮಾಸ್ತರು.

"ಎಕ್ಸ್‌ಪೈರ್ ಆಗೋದು ಟಾನಿಕ್ಕು, ಲೈಸೆನ್ಸು. ಮರ್ಯಾದಸ್ಥರು ಪಾಸ್ ಅವೇ ಆಗ್ತಾರೆ. ಎಮ್ಮೆ ಸತ್ರೆ ಪಾಸ್ಡ್ ಅವೇ ಅನ್ನೋ ಹಾಗಿಲ್ಲ."

"ಸರಿ, ಹೋದೋರು ಯಾರು?"

"ನಾನೇ."

ಅವರು ನನ್ನ ಮುಖ ಬಿಟ್ಟು ಪಾದಗಳನ್ನು ನೋಡಿದರು, ಹಿಂದುಮುಂದಾಗಿವೆಯೋ ಎಂದು. ಆಮೇಲೆ ತಂತಿ ಯಂತ್ರದ ಕಟಕಟ ಶುರುವಾಯಿತು. ನನ್ನ ಸಾವು ನನ್ನೆದುರಿಗೇ ಹೊರಟುಹೋಯಿತು. ಹೊರಗೆ ಬಂದರೆ ಬಿಸಿಲಲ್ಲೂ ಚಳಿ.

ಮರುದಿನ ಕತ್ತಲೆ ಕೋಣೆಯಲ್ಲಿ ಅಡಗಿ ಕೂತೆ. ಆಚೆ ರತ್ನ, ನೆಂಟರ ಮುಂದೆ ಅಳುವ ಅಭ್ಯಾಸಕ್ಕೆಂದು, "ಅವ್ರಿಗೆ ಹುರುಳಿ ಬಸ್ಸಾರು ಅಂದ್ರೆ ಪ್ರಾಣವಾಗಿತ್ತು," ಎನ್ನುತ್ತಿದ್ದಳು. 'ಆಗಿತ್ತು' ಎಂದದ್ದು ಕೇಳಿ ನನ್ನ ಕೈಕಾಲು ತಣ್ಣಗಾದವು. ನಾಡಿ ಹಿಡಿದು ನೋಡಿದೆ. ಸಿಗಲಿಲ್ಲ!

ಮಧ್ಯಾಹ್ನ ಭಾಮೈದ ಮುನಿರಾಜು, ಅತ್ತೆಯವರು ಬಂದ ಸದ್ದಾಯಿತು. ಇನ್ನೇನು ಅಳುತ್ತಾರೆಂದು ಕಿವಿಗೊಟ್ಟೆ. ಒಂದು ಬಿಕ್ಕೂ ಇಲ್ಲ. ಹೆಜ್ಜೆಗಳು ನೇರವಾಗಿ ನನ್ನ ಕೋಣೆಯತ್ತಲೇ ಬಂದವು. ಕದ ತೆರೆಯಿತು.

"ಏಮಿ ಅಲ್ಲುಡುಗಾರೂ, ಬಾಗುನ್ನಾರಾ?" ಎಂದು ಅತ್ತೆ ತೆಲುಗಿನಲ್ಲಿ ನನ್ನ ಕ್ಷೇಮ ವಿಚಾರಿಸಿ, ಕೋಡುಬಳೆ ಡಬ್ಬಿ ಮುಂದಿಟ್ಟರು.

"ನಾನು ಬದುಕಿದೀನಿ ಅಂತ ಹೇಗೆ ಗೊತ್ತಾಯ್ತು?"

"ನಮ್ಮೂರಿಗೆ ಬರೋ ಸಾವಿನ ತಂತೀಲೆಲ್ಲ ಎಕ್ಸ್‌ಪೈರ್ಡ್ ಅಂತಲೇ ಇರುತ್ತೆ ಭಾವ," ಎಂದ ಮುನಿರಾಜು. "ಪಾಸ್ಡ್ ಅವೇ ಅಂತ ಬರೆಯೋರು ಈ ಸೀಮೇಲಿ ನೀವೊಬ್ರೇ. ನೀವೇ ಬರ್ದಿದೀರಿ ಅಂದ್ಮೇಲೆ ಗಟ್ಟಿಯಾಗೇ ಇದೀರಿ. ಕಾಗೆ ಕೂತಿರ್ಬೇಕು ಅಂದ್ಲು ಅಮ್ಮ."

"ಬಂದಿದ್ದು ಬಂದಿದೀರಿ, ಒಂದಿಷ್ಟು ಅತ್ಬಿಟ್ಟು ಹೋಗಿ," ಎಂದು ಬೇಡಿಕೊಂಡೆ. ಅತ್ತೆ ಸೆರಗು ಕಣ್ಣಿಗೊತ್ತಿ ಪ್ರಯತ್ನಿಸಿದರು, ನಗು ಬಂತು. ರತ್ನಳೂ ನಕ್ಕಳು. ಮುನಿರಾಜು ಕೋಡುಬಳೆ ಕಡಿಯುತ್ತಾ ಕಾಫಿ ಕೇಳಿದ. ದೋಷ ಹಾಗೇ ಉಳಿಯಿತಲ್ಲ ಎಂದು ನನಗೆ ನಿಜವಾಗಿಯೂ ಭಯವಾಯಿತು. ಯಾರಾದರೊಬ್ಬರು ಅಳಲೇಬೇಕಿತ್ತು. ಗೋಡೆಯ ಕಡೆ ತಿರುಗಿ, ಮೃತರ ಬಂಧುಗಳ ಪರವಾಗಿ ನಾನೇ ಅತ್ತುಬಿಟ್ಟೆ.